ಶುಕ್ರವಾರಕ್ಕೊಂದು ಕ್ಷಣಗಣನೆ

ಮದುವೆಯ ದಿನ ಮರೆಯುವುದು ಅಪರಾಧವೆಂದಾದರೆ ನಾನು ಮೂರು ಸಲ ಸಿಕ್ಕಿಬಿದ್ದ ಹಳೇ ಕೈದಿ. ಡಿಸೆಂಬರ್ ಮೂವತ್ತು ಯಾಕೋ ನನ್ನ ತಲೆಯಲ್ಲಿ ನಿಲ್ಲುವುದೇ ಇಲ್ಲ. 2011ರಲ್ಲಿ ನಮ್ಮದು ಹತ್ತನೇ ವರ್ಷ. ಭಾನುವಾರದ ಊಟಕ್ಕೆ ಕೂತಿದ್ದಾಗ ಹೆಂಡತಿ ಲುಪೆ ತನ್ನಮ್ಮ ಮತ್ತು ಐವರು ತಮ್ಮಂದಿರ (ಐವರೂ ರಗ್ಬಿ ಆಡುವವರು) ಎದುರಿಗೇ ತೀರ್ಪು ಕೊಟ್ಟಳು.

"ಈ ಸಲ ಮರೆತ್ರೆ ಒಂದು ವರ್ಷ ಭಾನುವಾರದ ಉಮು ನಿಮ್ದೇ ರೀ!"

ಉಮು ಅಂದರೆ ಬೆಳಕು ಹರಿಯುವ ಮೊದಲೇ ಎದ್ದು ಕಲ್ಲು ಕಾಯಿಸಿ, ಹೊಗೆ ಕುಡಿದು, ಕೆಸುವಿನ ಗೆಡ್ಡೆ ಹೆರೆದು, ಇಪ್ಪತ್ತು ತೆಂಗಿನಕಾಯಿ ತುರಿದು ಮಾಡುವ ಅಡುಗೆ. ಸಮೋವಾದ ರಾಜಧಾನಿ ಆಪಿಯಾದಲ್ಲಿ, ಸರ್ಕಾರಿ ಆಫೀಸಿನ ಫ್ಯಾನಿನ ಕೆಳಗೆ ಸುತ್ತೋಲೆ ಟೈಪಿಸುವ ನನ್ನಂಥ ಕೋಮಲಾಂಗನಿಗೆ ಹೇಳಿಸಿದ್ದಲ್ಲ. ಆದರೂ ಧೈರ್ಯವಾಗಿ ಒಪ್ಪಿದೆ. ಮನೆಯಲ್ಲಿ ಕಂಪ್ಯೂಟರ್ ಇತ್ತು, ಪ್ರೋಗ್ರಾಂ ಬರೆಯುವ ಹೊಸ ಹುಚ್ಚೂ ಇತ್ತು.

ಪರದೆಯ ಮೇಲೊಂದು ಪುಟ್ಟ ಕಿಟಕಿ, ಅದರಲ್ಲಿ ಒಂದು ಸಾಲು: ಮೂವತ್ತನೇ ತಾರೀಕು ಶುಕ್ರವಾರ ಸಂಜೆ ಆರಕ್ಕೆ ಇನ್ನೆಷ್ಟು ಗಂಟೆ, ನಿಮಿಷ, ಸೆಕೆಂಡು. ಮೊದಲು "ಎಣಿಸುತ್ತಲೇ ಇರು" ಎಂದು ಬರೆದೆ. ಪಾಪ, ಅದು ಉಸಿರಾಡಲೂ ಪುರುಸೊತ್ತಿಲ್ಲದೆ ಎಣಿಸಿ ಕಿಟಕಿಯೇ ಬೆಳ್ಳಗಾಗಿ ನಿಂತಿತು. ಆಮೇಲೆ ಟೈಮರ್ ಇಟ್ಟೆ. ಸೆಕೆಂಡಿಗೊಮ್ಮೆ ಅದು ಎಬ್ಬಿಸಬೇಕು, ಪ್ರೋಗ್ರಾಂ ಎದ್ದು ಒಂದನ್ನು ಕಳೆದು, ಹಳೆಯದನ್ನು ಅಳಿಸಿ ಹೊಸದನ್ನು ಬರೆದು ಮತ್ತೆ ಮಲಗಬೇಕು. ಅಷ್ಟೇ! ಯಾರೂ ಮುಟ್ಟದೆ ಅಂಕಿ ಬದಲಾಯಿತು. ಮತ್ತೆ ಬದಲಾಯಿತು. ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ, ಕಣ್ಣಲ್ಲಿ ನೀರೂ ಬಂತು.

ಬರೀ ಕಂಬಗಳ ಮೇಲೆ ಸೂರಿರುವ, ಗೋಡೆಯೇ ಇಲ್ಲದ ನಮ್ಮ ಮನೆಗೆ ಅಳಿಯ ಕಿಟಕಿ ಇಟ್ಟನೆಂದು ಅತ್ತೆ ಕೇರಿಗೆಲ್ಲ ಸಾರಿದರು. ನೆರೆಯವರು ಚಾಪೆ ಹಾಸಿಕೊಂಡು ಚರ್ಚಿನಲ್ಲಿ ಕೂತಂತೆ ಕೂತರು.

"ಒಳಗೆ ಯಾರೋ ಕೂತು ಬರೀತಾರಾ ಅಳಿಯಂದ್ರೆ?"

"ಯಾರೂ ಇಲ್ಲ ಅತ್ತೆ, ತಾನೇ ಬರೆಯುತ್ತೆ."

"ಅಯ್ಯೋ ದೇವರೇ," ಎಂದು ಅವರು ತಲೆ ಬಾಗಿಸಿದರು. ನಾನೂ ಬಾಗಿಸಿದೆ.

ಗುರುವಾರ ಸಂಜೆ ಲುಪೆ ಹೊಸ ಬಟ್ಟೆ ಉಟ್ಟು, ಕಿವಿಯ ಹಿಂದೆ ಕೆಂಪು ದಾಸವಾಳ ಮುಡಿದು ನನ್ನೆದುರು ನಿಂತಳು.

"ಏನಾದ್ರೂ ಹೇಳ್ಬೇಕು ಅನ್ಸತ್ತಾ?"

"ಸ್ವಲ್ಪ ತಾಳೇ! ನೋಡು, ಸರಿಯಾಗಿ ಇಪ್ಪತ್ನಾಲ್ಕು ಗಂಟೆ ಬಾಕಿ."

"ಹೌದಾ," ಎಂದಳು. ಆ ಒಂದು ಪದದಲ್ಲಿದ್ದ ಬಿರುಗಾಳಿ ನನಗೆ ಕೇಳಿಸಲಿಲ್ಲ, ಅಂಕಿ ನೋಡುತ್ತಿದ್ದೆ.

ಬೆಳಗ್ಗೆ ಎದ್ದಾಗ ಇನ್ನೂ ಹತ್ತು ಗಂಟೆಯಿತ್ತು. ಪೇಟೆಗೆ ಹೋಗಿ ಮುತ್ತಿನ ಓಲೆ ಆರಿಸಿ, "ಇವತ್ತು ಶುಕ್ರವಾರ, ನಮ್ಮ ಮದುವೆಯ ದಿನ" ಎಂದು ಅಂಗಡಿಯಾಕೆಗೆ ಹೆಮ್ಮೆಯಿಂದ ಹೇಳಿದೆ.

"ಶುಕ್ರವಾರಾನಾ? ಇವತ್ತು ಶನಿವಾರ ಅಣ್ಣ! ನೋಟಿಸ್ ಓದ್ಲಿಲ್ವಾ? ಅಲ್ಲೇ ಗೋಡೆ ಮೇಲಿದೆ."

ತಿರುಗಿ ನೋಡಿದೆ. ನ್ಯೂಜಿಲೆಂಡಿಗೂ ಸಮೋವಾಕ್ಕೂ ಒಂದೇ ದಿನ ಇರಲೆಂದು ಸರ್ಕಾರ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಆಚೆ ಬದಿಗೆ ದಾಟಿ, ಈ ವರ್ಷ ಡಿಸೆಂಬರ್ ಮೂವತ್ತು, ಶುಕ್ರವಾರವನ್ನು ಬಿಟ್ಟಿದೆ. ಗುರುವಾರವಾದ ಮೇಲೆ ನೇರವಾಗಿ ಶನಿವಾರ. (ಟೈಪಿಸಿದವನು ನಾನೇ. ನಲವತ್ತು ಪ್ರತಿ ಅಂಟಿಸಿದವನೂ ನಾನೇ.)

ಮನೆಯಲ್ಲಿ ಎಲ್ಲರೂ ಕಿಟಕಿಯ ಮುಂದೆ ಕೂತಿದ್ದರು. ಅದು ಇನ್ನೂ ಶ್ರದ್ಧೆಯಿಂದ ಒಂದೊಂದೇ ಕಳೆಯುತ್ತಿತ್ತು. ಅದಕ್ಕೆ ನಾನು ಕಲಿಸಿದ್ದೇ ಅಷ್ಟು.

"ಬನ್ನಿ. ಶುಕ್ರವಾರ ಬರೋಕೆ ಇನ್ನೂ ಎಂಟು ಗಂಟೆ ಇದೆಯಂತೆ," ಎಂದಳು ಲುಪೆ.

"ದಿನಾನೇ ಸರ್ಕಾರ ನುಂಗಿದ್ರೆ ನಾನೇನೇ ಮಾಡ್ಲಿ?"

"ಅದಕ್ಕೇ ಅಲ್ವಾ ಗುರುವಾರ ಸಿಂಗಾರ ಮಾಡ್ಕೊಂಡು ಬಂದು ನಿಂತಿದ್ದು!"

"ಒಂದು ಮಾತು ಹೇಳ್ಬಾರ್ದಿತ್ತಾ?"

"ನಾನು ಹೇಳಿದ್ರೆ ಅದು ನಿಮ್ಮ ನೆನಪಾಗುತ್ತಾ?"

ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಓಲೆ ಕೊಟ್ಟೆ. ಹಾಕಿಕೊಂಡಳು, ಆದರೆ ತೀರ್ಪು ಬದಲಿಸಲಿಲ್ಲ. ದೊಡ್ಡ ಭಾವಮೈದುನ ಹೊಸ ತುರಿಮಣೆಯೊಂದನ್ನು ತಂದು ವಿನಯದಿಂದ ನನ್ನ ಕಾಲ ಬಳಿ ಇಟ್ಟ. ಮರುದಿನವೇ ಭಾನುವಾರ.

ಹೊಗೆಯಲ್ಲಿ ಕಣ್ಣುಜ್ಜುತ್ತಾ ಒಳಗೆ ಬಂದರೆ ಲುಪೆ ಕಂಪ್ಯೂಟರ್ ಮುಂದೆ ಕೂತಿದ್ದಳು. ನನ್ನ ಹೆಗಲ ಹಿಂದೆ ನಿಂತೇ ಕಲಿತಿದ್ದಳಂತೆ. ಒಂದು ಸಂಖ್ಯೆ, ಎರಡು ಪದ ಬದಲಿಸಿದ್ದಳು: 'ಉಮು ಮುಗಿಯಲು ಇನ್ನು ಮುನ್ನೂರ ಅರವತ್ತನಾಲ್ಕು ದಿನ', ಅದರ ಮುಂದೆ ಗಂಟೆ, ನಿಮಿಷ, ಸೆಕೆಂಡು. ಅತ್ತೆ ಭಕ್ತಿಯಿಂದ ನೋಡುತ್ತಿದ್ದರು. ನಾನೂ ಕೈಯಲ್ಲಿ ಕಾಯಿ ಹಿಡಿದೇ ನಿಂತು ನೋಡಿದೆ. ಸೆಕೆಂಡಿನ ಅಂಕಿ ತಾನಾಗಿ ಬದಲಾಯಿತು, ಮತ್ತೆ ಮೈ ಜುಮ್ಮೆಂದಿತು.

ಆಮೇಲೆ ಕ್ಯಾಲೆಂಡರ್ ತೆಗೆದು ಎಣಿಸಿದೆ. ಅಂದು ಶುರುವಾದ ಹೊಸ ವರ್ಷದಲ್ಲಿ ಭಾನುವಾರಗಳು ಐವತ್ತಮೂರು. ಕೊನೆಯದು ಡಿಸೆಂಬರ್ ಮೂವತ್ತು. ಆ ಮದುವೆಯ ದಿನವನ್ನು ಮಾತ್ರ ನಾನು ಮರೆಯಲಿಲ್ಲ, ಅವತ್ತು ಇಡೀ ಬಳಗಕ್ಕೆ ಅರವತ್ತು ಕಾಯಿ ತುರಿದೆ.