ಹುಲಿಯಮ್ಮನ ಕುರ್ಚಿಯ ಮುಯ್ಯಿ

ಅಜ್ಜಂಪುರದ ಸುತ್ತ ಈ ಸಲ ಈರುಳ್ಳಿ ಚೆನ್ನಾಗಿ ಬಂದಿತೆಂದೂ, ಕೀಳಲು ಮಾತ್ರ ಯಾರೂ ಬರಲಿಲ್ಲವೆಂದೂ ಸರ್ವರ ಗಮನಕ್ಕೆ ತರಲಾಗಿದೆ. ಕೀಳುತ್ತಿದ್ದ ಹೆಂಗಸರೆಲ್ಲ ಬೆಳಗಾದರೆ ಊಟದ ಡಬ್ಬಿ ಹಿಡಿದು ಕಡೂರು ಕಡೆಯ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದರು. ಕೂಲಿ ಜಾಸ್ತಿ ಕೊಟ್ಟರೆ ಬಂದಾರು ಎಂದು ಸದಸ್ಯರೊಬ್ಬರು ಸೂಚಿಸಿದರು. ಅವರನ್ನು ಮೂರು ತಾಲ್ಲೂಕು ಬೆಳೆಗಾರರ ಹಿತರಕ್ಷಣಾ ಸಮಿತಿಯಿಂದ ಗೌರವಪೂರ್ವಕವಾಗಿ ಕೈಬಿಡಲಾಯಿತು.

ಆ ಸಮಿತಿಯ ನಡಾವಳಿ ಬರೆಯುವವನು ನಾನು. ಕಾರ್ಯದರ್ಶಿ ಗುರುಮೂರ್ತಿಯವರು ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯನ್ನು ಮತ್ತೆ ಜಾರಿಗೆ ತರೋಣ ಎಂದರು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ನಡುವೆ ಕೂಲಿಯ ಮಾತೇ ಇಲ್ಲ. ಕಡೆಯ ಅಂಶ ಸಭೆಗೆ ಬಹಳ ಹಿಡಿಸಿತು.

ಅಧ್ಯಕ್ಷ ಸೋಮಶೇಖರಪ್ಪನವರು ಮೊದಲು ಹೋದದ್ದು ಹುಲಿಯಮ್ಮನ ಮನೆಗೆ. ಬುದ್ಧಿ ಬಂದಾಗಿನಿಂದ ಅವರ ಹೊಲದಲ್ಲೇ ಬಗ್ಗಿ ದುಡಿದ ಹೆಂಗಸು, ಕಳೆದ ಯುಗಾದಿಯಿಂದ ಗಾರ್ಮೆಂಟ್ಸಿನಲ್ಲಿ ಕೂತು ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಕೆಲಸಕ್ಕಿಂತ ಅವಳಿಗೆ ಆ ಕುರ್ಚಿಯ ಮೇಲೆ ಪ್ರೀತಿ. ಅದಕ್ಕೆ ಬೆನ್ನೊರಗಲು ಜಾಗವಿತ್ತು.

ಯಜಮಾನರು ಮುಯ್ಯಾಳನ್ನು ವಿವರಿಸಿದರು. ಹುಲಿಯಮ್ಮ ಕೇಳಿಸಿಕೊಂಡು, "ನಂಗೆಲ್ಲೈತೆ ಯಜಮಾನ್ರೇ ಹೊಲ? ಇರೋದೊಂದ್ ಕುರ್ಚಿ. ನಾ ಬಂದ್ರೆ ಅದ್ರಾಗೆ ನೀವು ಕುಂತ್ಕಳ್ತೀರಾ?" ಎಂದಳು. ಇಲ್ಲ ಅನ್ನುತ್ತಾರೆ, ಬೀಸುವ ದೊಣ್ಣೆ ತಪ್ಪುತ್ತದೆ ಎಂದು ಅವಳ ಅಂದಾಜು.

"ಕುಂತ್ಕಳ್ತೀನಿ ಕಣಮ್ಮ. ಕೂರೋದ್ರಾಗೆ ಏನೈತೆ?" ಎಂದುಬಿಟ್ಟರು.

ಕುರ್ಚಿ ಖಾಲಿ ಇರಬಾರದು ಎಂಬುದೊಂದೇ ಕಾರ್ಖಾನೆಯ ನಿಯಮವಾದ್ದರಿಂದ ಅಲ್ಲಿಯವರ ಆಕ್ಷೇಪಣೆ ಇರಲಿಲ್ಲ. ಸಮಿತಿಯೂ ನಿಯಮ ಮಾಡಿತು: ಆಳು ಹೊಲದಲ್ಲಿ ಬಗ್ಗಿದಷ್ಟು ದಿನ ಯಜಮಾನರು ಆಳಿನ ಕುರ್ಚಿಯಲ್ಲಿ ಕೂರತಕ್ಕದ್ದು. ಸಂಬಳ ಕೂತವರಿಗೆ ಸೇರತಕ್ಕದ್ದು. ಬಗ್ಗಿದವರಿಗೆ ಮಧ್ಯಾಹ್ನದ ಮುದ್ದೆ ಉಂಟು.

ಸೋಮಶೇಖರಪ್ಪನವರು ಮೊದಲ ದಿನವೇ ಒಂದು ಅಂಗಿಗೆ ಮೂರು ತೋಳು ಹೊಲಿದರು. ಹೊಲಿಯಲು ಬಾರದವರಿಗೆ ಅಲ್ಲಿ ಇದ್ದದ್ದು ಒಂದೇ ಹುದ್ದೆಯಾದ್ದರಿಂದ ಅವರನ್ನು ಸೂಪರ್‌ವೈಸರ್ ಮಾಡಲಾಯಿತು. ಇನ್ನೊಬ್ಬರಿಗೆ 'ಬೇಗ ಬೇಗ' ಅನ್ನುವುದರಲ್ಲಿ ಅವರಿಗೆ ಬಾಲ್ಯದಿಂದಲೂ ಅನುಭವ. ಭಾನುವಾರದ ರಜೆ ಎಂಬುದನ್ನು ಅವರು ಈವರೆಗೆ ಯಾರಿಗೂ ಕೊಟ್ಟಿರಲಿಲ್ಲ. ತಾವೇ ತೆಗೆದುಕೊಂಡು ನೋಡಿದಾಗ ಬಹಳ ಚೆನ್ನಾಗಿತ್ತು.

ಈರುಳ್ಳಿ ಮೂಟೆಯಾಗಿ ಲಾರಿ ಹತ್ತಿದ ಮೇಲೆ ಹುಲಿಯಮ್ಮ ತಲೆ ಬಾಚಿಕೊಂಡು ಕಾರ್ಖಾನೆಗೆ ಹೋದಳು. ಸೋಮಶೇಖರಪ್ಪನವರು ಬಡ್ತಿ ಹೊಂದಿದಾಗ ಆಕೆಯ ಕುರ್ಚಿಯೂ ಅವರೊಂದಿಗೆ ಬಡ್ತಿ ಹೊಂದಿದೆಯೆಂದೂ, ಕೆಳಗೆ ಏನೂ ಉಳಿದಿಲ್ಲವೆಂದೂ ಗೇಟಿನಲ್ಲಿ ತಿಳಿಸಲಾಯಿತು. ಅವಳು ನೇರ ನಮ್ಮ ಸಭೆಗೇ ಬಂದಳು. ನನ್ನ ಕುರ್ಚಿ ನನಗೆ ಬೇಕು ಎಂದಳು, ಅಷ್ಟೇ.

ಗುರುಮೂರ್ತಿಯವರು ಸಮಾಧಾನವಾಗಿ ವಿವರಿಸಿದರು. ಯಜಮಾನರು ಇನ್ನೂ ಅವಳ ಬದಲಿಗೆ ಕೂತೇ ಇದ್ದಾರೆ. ಕೂತಷ್ಟು ದಿನದ ಮುಯ್ಯಿ ಅವಳ ಮೇಲಿದೆ. ಆದ್ದರಿಂದ ರಾಗಿ ಕೊಯ್ಲಿಗೂ ಬರತಕ್ಕದ್ದು. ಅದಾದ ಮೇಲೆ ಯಗಟಿಯಲ್ಲಿ ಯಜಮಾನರ ಭಾವಮೈದುನರ ತೆಂಗಿನಕಾಯಿ ಹೊರುವುದಿದೆ.

"ಹಂಗಾರೆ ಅವ್ರು ಏಳೋದ್ ಯಾವಾಗ?" ಎಂದಳು ಹುಲಿಯಮ್ಮ.

"ನೀನು ಬಗ್ಗೋದು ನಿಲ್ಸಿದಾಗ ಕಣಮ್ಮ."

"ನಾ ಬಗ್ಗೋದ್ ನಿಲ್ಸೋದು?"

"ಅವ್ರು ಎದ್ದಾಗ."

ಸಭೆ ತಲೆದೂಗಿತು. ನನಗೆ ಮಾತ್ರ ಹೊಟ್ಟೆ ಉರಿಯಿತು. ಹೊಟ್ಟೆಯುರಿಯನ್ನು ನಡಾವಳಿಯಲ್ಲಿ ದಾಖಲಿಸುವ ಪದ್ಧತಿ ಇಲ್ಲದ್ದರಿಂದ 'ಸರ್ವಾನುಮತದಿಂದ' ಎಂದು ಬರೆದೆ.

ಸುದ್ದಿ ಬೇಗ ಹಬ್ಬಿತು. ತರೀಕೆರೆಯ ತೋಟದವರೊಬ್ಬರು ಪೆಟ್ರೋಲ್ ಬಂಕಿನ ಕ್ಯಾಶ್ ಕೌಂಟರಿಗೆ ಕೂತರು, ಕಡೂರಿನವರೊಬ್ಬರು ಮೊಬೈಲ್ ಅಂಗಡಿಯಲ್ಲಿ ಕೂತರು. ಗಾರ್ಮೆಂಟ್ಸ್ ವ್ಯಾನು ಈಗ ಹೋಗುವಾಗ ಯಜಮಾನರನ್ನು ಕಾರ್ಖಾನೆಗೂ ಬರುವಾಗ ಕೂಲಿಯವರನ್ನು ಹೊಲಕ್ಕೂ ಹೊತ್ತೊಯ್ಯುತ್ತಿದೆ. ಒಂದೇ ಸೀಟಿನಲ್ಲಿ ಇಬ್ಬರೂ ಕೂರುವಂತಾದದ್ದರಿಂದ ಈ ಭಾಗದಲ್ಲಿ ಆರ್ಥಿಕ ಸಮಾನತೆ ಬಂದಿದೆಯೆಂದು ಸಮಿತಿ ಘೋಷಿಸಿ, ಅಜ್ಜಂಪುರದಲ್ಲಿ ಶಾಮಿಯಾನ ಹಾಕಿಸಿ ಸಮಾನತಾ ಸಮಾರಂಭ ಏರ್ಪಡಿಸಿತು.

ಹುಲಿಯಮ್ಮನಿಗೆ ಸನ್ಮಾನ. ವೇದಿಕೆಯ ಮೇಲೆ, ಅಧ್ಯಕ್ಷರ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಅವಳು ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಬೆನ್ನು ಪೂರಾ ಒರಗಿಸಿ, ಭಾಷಣಗಳು ಮುಗಿಯುವವರೆಗೂ ಕೂತಳು. ಜನ ಊಟಕ್ಕೆ ಎದ್ದರೂ ಏಳಲಿಲ್ಲ.

ಶಾಮಿಯಾನದ ಲಕ್ಕಣ್ಣ ಬಂದು, ಗಾಡಿಗೆ ಕುರ್ಚಿ ತುಂಬಬೇಕು, ಏಳಮ್ಮ ಎಂದ.

"ಇನ್ನೊಂಚೂರು ಕುಂತಿರ್ತೀನಿ ಕಣಪ್ಪ," ಎಂದಳು.

ಲಕ್ಕಣ್ಣ ಕಾಯುತ್ತ ನಿಂತ. ಪಾಯಸದ ಲೋಟ ಹಿಡಿದು ಹೋಗುತ್ತಿದ್ದ ಸೋಮಶೇಖರಪ್ಪನವರು ಇತ್ತ ನೋಡಿ, ಅಭ್ಯಾಸಬಲದಿಂದ, "ಬೇಗ ಬೇಗ" ಎಂದರು.

ಹುಲಿಯಮ್ಮ ಎದ್ದಳು. ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟು, ರಾಗಿ ಹೊಲಕ್ಕೆ ಹೊರಟಿದ್ದ ವ್ಯಾನಿನ ಕಡೆ ನಡೆದಳು. ಊಟದ ಪಂಕ್ತಿಯಲ್ಲಿದ್ದವರೆಲ್ಲ, ಚಪ್ಪಾಳೆಗೆ ಬಲಗೈ ಬಿಡುವಿಲ್ಲದ್ದರಿಂದ, ಎಡಗೈಯಿಂದ ಎಲೆ ತಟ್ಟಿ ಗೌರವ ಸೂಚಿಸಿದರು. ನಾನೂ ತಟ್ಟಿದೆ.