ಹದಿನಾಲ್ಕು ಮಂದಿ ಆರಾಮ

ಒಂದೇ ಒಂದು ಪ್ರಶ್ನೆ ಸೂರ್ಯಕಾಂತನ ಮನೆ ಮುರಿಯಿತು. ಆ ಪ್ರಶ್ನೆಯನ್ನು ಬರೆದವನೂ ಅವನೇ. ಮನೆ ಅಂತ ಇನ್ನೂ ಆಗಿರಲಿಲ್ಲ, ಆಗುವ ಮೊದಲೇ ಮುರಿಯಿತು ಅನ್ನಿ.

ನಿಂಬರ್ಗಾದ ಈ ಹುಡುಗ ಎರಡು ವರ್ಷ ಕೂತು ಫೋನಿನೊಳಗೆ ಒಂದು ಆ್ಯಪ್ ಮಾಡಿದ್ದ. ರೋಗಿ ಮುಂದೆ ಕೂತರೆ ಸಾಕು, ಅದು ನಮ್ಮದೇ ಮಾತಿನಲ್ಲಿ ಪ್ರಶ್ನೆ ಕೇಳಿ, ಬೇನೆ ಏನೆಂದು ತಿಳಿದುಕೊಂಡು ಕಲಬುರಗಿಯ ಡಾಕ್ಟರಿಗೆ ಬರೆದು ಕಳಿಸುತ್ತಿತ್ತು. ಊರ ದವಾಖಾನೆಗಳಿಗೆ ಇಂಥದ್ದನ್ನು ಮಾಡಿಕೊಡುವ ಹೊಸ ಕಂಪನಿಗಳಿಗೆ ಒಂದು ಟ್ರಸ್ಟು ಅನುದಾನ ಕೊಡುತ್ತದೆಂದು ಗೊತ್ತಾಗಿ ಅರ್ಜಿ ಹಾಕಿದ. ಅರ್ಜಿಯಲ್ಲಿ ‘ವೈದ್ಯಕೀಯ ಪಾಲುದಾರರು’ ಎಂಬ ಕಾಲಮ್ಮಿತ್ತು. ಅಲ್ಲಿ ಊರಿನ ಉಪಕೇಂದ್ರದ ನರ್ಸ್ ಪಂಚಶೀಲಾಳ ಹೆಸರು ಬರೆದ. ಆಕೆ ನಕ್ಕು ಸಹಿ ಹಾಕಿದಳು. ಆ ನಗೆಯ ಮೇಲೆ ಅವನು ಆರು ತಿಂಗಳು ಬದುಕಿದ್ದ.

ಪಂಚಶೀಲಾಳದು ಗುತ್ತಿಗೆ ಕೆಲಸ, ಅದು ಟ್ರಸ್ಟಿನವರು ಆ್ಯಪ್ ಪರೀಕ್ಷಿಸಲು ಬರುವ ದಿನವೇ ಮುಗಿಯುತ್ತಿತ್ತು. ಅನುದಾನ ಬಂದರೆ ಕಂಪನಿಗೆ ಎರಡು ಕೋಣೆಯ ಆಫೀಸು, ಎದುರುಬದುರು ಎರಡು ಟೇಬಲ್ಲು, ಒಂದರ ಹಿಂದೆ ಅವನು, ಒಂದರ ಹಿಂದೆ ಆಕೆ. ಬರದಿದ್ದರೆ ಆಕೆ ಸಂಜೆ ಐದರ ಬಸ್ಸಿಗೆ ಅಫಜಲಪುರ ತಾಲೂಕಿನ ಅತನೂರಿಗೆ, ತಾಯಿಯ ಹತ್ತಿರ ಹೊರಟುಬಿಡುತ್ತಾಳೆ. ಚೀಲವನ್ನು ಆಗಲೇ ಕಟ್ಟಿ ಉಪಕೇಂದ್ರದ ಬಾಗಿಲ ಹಿಂದೆ ಇಟ್ಟಿದ್ದಳು. ಆ ಬೆಳಿಗ್ಗೆ ಅದನ್ನು ಕಂಡ ಸೂರ್ಯಕಾಂತ ಬಾಗಿಲನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ ಚೀಲವನ್ನು ಮರೆಮಾಡಿದ. ಆಕೆ ಇಲ್ಲದ ನಿಂಬರ್ಗಾವನ್ನು ನೆನೆಸಿಕೊಳ್ಳಲು ಅವನಿಂದ ಆಗುತ್ತಿರಲಿಲ್ಲ. ಹಾಗಂತ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ಆಕೆಯ ಮುಂದಂತೂ ಇಲ್ಲವೇ ಇಲ್ಲ.

ಹತ್ತು ಗಂಟೆಗೆ ಟ್ರಸ್ಟಿನ ಸಪ್ನಾ ಮೇಡಂ ಫೈಲು ಹಿಡಿದು ಜೀಪಿನಿಂದ ಇಳಿದರು. ಅಷ್ಟರಲ್ಲಿ ಉಪಕೇಂದ್ರದ ಕಟ್ಟೆಯ ಮೇಲೆ ಹದಿನಾಲ್ಕು ಮಂದಿ ರೋಗಿಗಳು ಒಗೆದ ಬಟ್ಟೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಬೀಗರ ಮನೆಗೆ ಹೊರಟವರಂತೆ ಸಾಲಾಗಿ ಕೂತಿದ್ದರು. ಇದು ಸೂರ್ಯಕಾಂತನ ಪಕ್ಕದ ಮನೆಯ ದೌಲತರಾಯರ ಕೆಲಸ. ಊರಲ್ಲಿ ಯಾರ ಮನೆಯ ಕಾರ್ಯವಾದರೂ ಕರೆಯದೇ ಬಂದು ನಿಲ್ಲುವ ದೊಡ್ಡ ಮನುಷ್ಯ ಅವರು.

"ಪರ ಊರ ಮಂದಿ ಬರ್ತಾರಂದ್ರ ಊರ ಮರ್ಯಾದಿ ಪ್ರಶ್ನಿ ಅದಲೇ ಸೂರ್ಯಾ. ನೀ ಸುಮ್ಮ ಕುಂದ್ರು, ಎಲ್ಲಾ ನಾ ನೋಡ್ಕೋತೇನಿ," ಅಂದರು.

ಮೊದಲು ಅಂಬುಬಾಯಿ ಬಂದಳು. ಸೊಸೆಯ ಹೆಗಲು ಹಿಡಿದು, ಹೆಜ್ಜೆಗೊಮ್ಮೆ ನಿಂತು, ಏದುಸಿರು ಬಿಡುತ್ತ ಬಂದು ಕುರ್ಚಿಯ ಮೇಲೆ ಕುಸಿದಳು. ಸೂರ್ಯಕಾಂತ ಫೋನು ಮುಂದಿಟ್ಟ. ಒಮ್ಮೆಲೇ ರೋಗ ಕೇಳುವುದು ಸಭ್ಯತೆಯಲ್ಲವೆಂದು ಅವನು ಆ್ಯಪಿಗೆ ಮೊದಲು ಕ್ಷೇಮ ವಿಚಾರಿಸುವುದನ್ನು ಕಲಿಸಿದ್ದ.

"ನಮಸ್ಕಾರ್ರಿ. ಆರಾಮ ಅದೀರೇನ್ರಿ?" ಅಂದಿತು ಫೋನು.

ಅಂಬುಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಆರಾಮ ಅದೀನ್ರೀ ಯಪ್ಪಾ. ನೀವು ಆರಾಮ? ಮನಿ ಕಡಿ ಎಲ್ಲಾ ಆರಾಮ?"

"ಸಂತೋಷ. ನೀವು ಆರೋಗ್ಯವಾಗಿದ್ದೀರಿ. ಮುಂದಿನವರು ಬರ್ರಿ."

ಸೂರ್ಯಕಾಂತ ಫೋನನ್ನು ತನ್ನ ಕಡೆ ತಿರುಗಿಸಿ ನೋಡಿದ. ಎರಡು ವರ್ಷ ತಾನೇ ರೋಗಿಯಾಗಿ ಕೂತು ‘ಇಲ್ಲ’ ಎಂದು ಉತ್ತರಿಸಿ ಪರೀಕ್ಷೆ ಮಾಡಿದ್ದನೇ ಹೊರತು, ನಮ್ಮ ಕಡೆ ಪ್ರಾಣ ಹೋಗುತ್ತಿದ್ದರೂ ಈ ಪ್ರಶ್ನೆಗೆ ಯಾರೂ ‘ಇಲ್ಲ’ ಅನ್ನುವುದಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮಲ್ಕಪ್ಪ ಕೆಮ್ಮಿ, ಕೆಮ್ಮಿ, ಕಣ್ಣೀರು ಒರೆಸಿಕೊಂಡು, "ಆರಾಮ್ರಿ" ಅಂದ. ಜ್ವರದಿಂದ ಗಡಗಡ ನಡುಗುತ್ತ ಕಂಬಳಿ ಹೊದ್ದ ಬುರಾನುದ್ದೀನ ಚಾಚಾ, "ಆರಾಮ್ರೀ ಸಾಬ್, ನಿಮ್ಮ ದುವಾ," ಎಂದು ಫೋನಿಗೆ ಸಲಾಮು ಹೊಡೆದರು. ಹನ್ನೊಂದು ಗಂಟೆಗೆ ಹದಿನಾಲ್ಕಕ್ಕೆ ಹದಿನಾಲ್ಕೂ ಮಂದಿ ಆರೋಗ್ಯವಂತರೆಂದು ದಾಖಲಾಯಿತು. ಸಪ್ನಾ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಖರೇ ಹೇಳ್ರೋ!" ಸೂರ್ಯಕಾಂತ ಕೈಮುಗಿದ. "ಬ್ಯಾನಿ ಇದ್ರ ಬ್ಯಾನಿ ಅದ ಅನ್ರಿ!"

"ಅದ್ಹೆಂಗಲೇ?" ದೌಲತರಾಯರಿಗೆ ಸಿಟ್ಟು ಬಂತು. "ಅಷ್ಟು ಪ್ರೀತೀಲೆ ಕೇಳಾಕತ್ತದ, ಅದರ ಮುಂದ ನಮ್ಮ ಗೋಳು ತೋಡ್ಕೋಬೇಕೇನು? ಸರಿ ಬಿಡು, ನಿನ್ನ ಸಲುವಾಗಿ ನಾ ಹೇಳ್ತೇನಿ."

ಕಲ್ಲುಗುಂಡಿನಂತಿದ್ದ ದೌಲತರಾಯರು ಕುರ್ಚಿ ಎಳೆದು ಕೂತರು. ಆರಾಮ ಇಲ್ಲ ಅಂದರು. ಎದೆನೋವು? ಅದ. ಉಬ್ಬಸ? ಅದ. ಕಣ್ಣು ಕತ್ತಲೆ? ಬಾಳ ಅದ. ಸಹಾಯ ಮಾಡುವುದೆಂದರೆ ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ. ಆ್ಯಪು ಕೆಂಪಾಗಿ ಕಿರುಚಿಕೊಂಡು ತಾನಾಗಿಯೇ ಆಂಬ್ಯುಲೆನ್ಸ್ ಕರೆಯಿತು. ಅರ್ಧ ತಾಸಿನಲ್ಲಿ ಗಾಡಿ ಬಂದು ನಿಂತಾಗ ಸೂರ್ಯಕಾಂತ ಕ್ಷಮೆ ಕೇಳುವುದರೊಳಗೇ ದೌಲತರಾಯರು ಹತ್ತಿ ಕೂತಿದ್ದರು.

"ಹೆಂಗೂ ಆಳಂದದಾಗ ಕೆಲಸ ಇತ್ತು. ಸಂಜಿಗಿ ಬರ್ತೇನಿ," ಎಂದು ಕೈ ಬೀಸಿದರು.

ಮೇಡಂ ಫೈಲು ಮುಚ್ಚಿದರು. ಆಗ ಪಂಚಶೀಲಾ ಎದ್ದು ಅಂಬುಬಾಯಿಯ ಪಕ್ಕ ಕಟ್ಟೆಯ ಮೇಲೆ ಹೋಗಿ ಕೂತಳು.

"ಯವ್ವಾ, ಈಗ ಎಷ್ಟು ರೊಟ್ಟಿ ಬಡೀತಿ?"

"ಎಲ್ಲೀ ರೊಟ್ಟಿ ನನ ಮಗಳ, ನಾಕು ಬಡ್ಯಾದ್ರಾಗ ಎದಿ ಹಿಡೀತದ. ಎಡಗೈ ಜುಂ ಅಂತದ."

"ಮಲ್ಕಪ್ಪ ಕಾಕಾ, ಗುಡಿ ಭಜನಿಗಿ ಹೋಗೋದು ಬಿಟ್ರ್ಯಂತಲ್ಲ?"

"ಹೆಂಗ ಹೋಗ್ಲಿ ಯವ್ವಾ? ಹಾಡಾಕ ಬಾಯಿ ತಗದ್ರ ಕೆಮ್ಮು ಬರ್ತದ. ಎರಡು ತಿಂಗಳಾತು."

ಒಂದು ತಾಸಿನಲ್ಲಿ ಹದಿನಾಲ್ಕು ಮಂದಿಯ ಬೇನೆ ಆಕೆಯ ನೋಟುಬುಕ್ಕಿನಲ್ಲಿತ್ತು. ಅಂಬುಬಾಯಿಯನ್ನು ಮೇಡಂ ತಮ್ಮ ಜೀಪಿನಲ್ಲೇ ದವಾಖಾನೆಗೆ ಕಳಿಸಿದರು. ಸೂರ್ಯಕಾಂತ ತನ್ನ ಸೋಲನ್ನೂ ಮರೆತು ಪಂಚಶೀಲಾಳನ್ನೇ ನೋಡುತ್ತ ನಿಂತಿದ್ದ.

"ಸೂರ್ಯಕಾಂತ ಅವರೇ," ಮೇಡಂ ಅಂದರು, "ನಿಮ್ಮ ಫೋನಿಗೆ ಅನುದಾನ ಕೊಡೋಕಾಗಲ್ಲ. ಆದ್ರೆ ಇವರು ಕೇಳೋ ರೀತಿ ಇದೆಯಲ್ಲ, ಅದಕ್ಕೆ ಕೊಡ್ತೀವಿ. ಅಫಜಲಪುರ, ಜೇವರ್ಗಿ ತಾಲೂಕಿನ ನರ್ಸ್‌ಗಳಿಗೆಲ್ಲ ಇವರು ಕಲಿಸಲಿ. ಕಚೇರಿ ಅತನೂರಲ್ಲೇ ಮಾಡೋಣ, ಇವರ ತಾಯಿನೂ ಅಲ್ಲೇ ಇದ್ದಾರಂತೆ. ಇವರು ನಿಮ್ಮ ಪಾಲುದಾರರು ಅಂತ ಅರ್ಜಿಯಲ್ಲಿದೆ, ಹಾಗಾಗಿ ನಿಮ್ಮ ಒಪ್ಪಿಗೆ ಬೇಕು."

ಪಂಚಶೀಲಾ ಅವನ ಮುಖವನ್ನೇ ನೋಡಿದಳು. ಅವನು ಪೆನ್ನು ತೆಗೆದ. ಯಾರನ್ನು ಅತನೂರಿಗೆ ಹೋಗದಂತೆ ತಡೆಯಲು ಅನುದಾನ ಬೇಡಿದ್ದನೋ, ಆಕೆಯನ್ನು ಅದೇ ಅನುದಾನದ ಮೇಲೆ ಅತನೂರಿಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದ.

ಐದಕ್ಕೆ ಐದು ನಿಮಿಷ. ಸೂರ್ಯಕಾಂತ ಆಕೆಯ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ.

"ಅತನೂರಿಗಿ ಎಂದರ ಬಂದೀರೇನ್ರಿ?" ಪಂಚಶೀಲಾ ಕೇಳಿದಳು.

"ಇಲ್ರಿ."

"ದಾರಿ ಗೊತ್ತದ?"

ಸೂರ್ಯಕಾಂತ ಥಟ್ಟನೆ ಫೋನು ತೆಗೆದು ನಕ್ಷೆ ತೋರಿಸಿದ. "ನೋಡ್ರಿ, ಹಿಂಗ ಹೋಗಿ ಇಲ್ಲಿ ಹೊಳ್ಳಿದ್ರ ನಿಮ್ಮೂರು," ಎಂದು ಆಕೆಗೇ ಆಕೆಯ ಊರಿನ ದಾರಿ ಹೇಳಿಕೊಟ್ಟ.

ಆಕೆ ಆ ಫೋನನ್ನು ಪಕ್ಕಕ್ಕೆ ಸರಿಸಿದಳು. "ನಮ್ಮವ್ವಗ ನಿಮ್ಮ ಸುದ್ದಿ ಹೇಳೀನ್ರಿ. ಒಮ್ಮೆ ನಿಮ್ಮನ್ನ ನೋಡಬೇಕಂತಾಳ."

"ಯಾಕ್ರಿ, ಏನಾಗ್ಯದ ಅವ್ರಿಗಿ? ಬಿಪಿ ಏನರ ಅದೇನು?"

ಬಸ್ಸು ಬಂತು. "ಏನಿಲ್ರಿ, ಆಕಿ ಗಟ್ಟಿ ಅದಾಳ," ಎಂದು ಪಂಚಶೀಲಾ ಚೀಲ ಇಸಿದುಕೊಂಡು ಹತ್ತಿದಳು.

ಬಸ್ಸು ತೊಗರಿ ಹೊಲಗಳ ಆಚೆ ಮರೆಯಾದ ಮೇಲೆ, ಒಂದು ಚಹಾ ಕುಡಿಯುವಷ್ಟು ಹೊತ್ತು ಕಳೆದು, ಆಕೆ ಕೇಳಿದ್ದು ದಾರಿಯನ್ನಲ್ಲ ಎಂಬುದು ಅವನ ತಲೆಗೆ ಹೊಕ್ಕಿತು. ಇಡೀ ಬೆಳಿಗ್ಗೆ ಆಕೆ ರೊಟ್ಟಿ ಕೇಳಿ ಎದೆನೋವು ಹೊರಡಿಸಿದ್ದನ್ನು ಕಣ್ಣಾರೆ ಕಂಡವನು ತಾನು! ಅಲ್ಲೇ ಕಟ್ಟೆಯ ಮೇಲೆ ಕೂತ. ಫೋನು ಹಚ್ಚಿದ. ಒಂದೇ ರಿಂಗಿಗೆ ಎತ್ತಿದಳು.

"ಹೇಳ್ರಿ."

ನಾನೂ ಬರ್ತೇನಿ ಅನ್ನಬೇಕು. ನಿಮ್ಮನ್ನ ಬಿಟ್ಟು ಇರಾಕ ಆಗಂಗಿಲ್ಲ ಅನ್ನಬೇಕು.

"ಹೇಳ್ರಿ, ಕೇಳಾಕತ್ತೇನಿ," ಅಂದಳು ಪಂಚಶೀಲಾ, ಮೆಲ್ಲಗೆ.

"ಏನಿಲ್ರಿ," ಅಂದ ಸೂರ್ಯಕಾಂತ. "ಸೀಟ ಸಿಕ್ತೇನ್ರಿ?"