ಗೂಟದ ಮೇಲಿದ್ದ ನಾನು

ಮನುಷ್ಯ ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ ಇದ್ದೇ ಇರುತ್ತಾನೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಆ ನಂಬಿಕೆಯಿಲ್ಲ. ಒಮ್ಮೆ ಎರಡು ದಿನ ನಾನು ಎಲ್ಲಿದ್ದೆ, ಎಲ್ಲಿರಲಿಲ್ಲ ಎಂಬುದು ನನಗೇ ಇನ್ನೂ ಬಗೆಹರಿದಿಲ್ಲ.

ಆಗ ನಾನು ಚಳ್ಳಕೆರೆಯ ಒಂದು ಶೇಂಗಾ ಮಂಡಿಯಲ್ಲಿ ಗುಮಾಸ್ತ. ಮೋಟಾರು ಇನ್ನೂ ನಮ್ಮ ಸೀಮೆ ಕಂಡಿರಲಿಲ್ಲ. ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಅವ್ವ ಅಂದದ್ದಕ್ಕೆ ನನ್ನ ಹೆಂಡತಿ ನಾಗಮ್ಮ ಮೊಳಕಾಲ್ಮೂರಿನ ತವರಿಗೆ ಹೊರಟುಹೋಗಿದ್ದಳು. ಹೋಗುವಾಗ ನನ್ನನ್ನೂ ಬಿಡಲಿಲ್ಲ. "ನೀವು ಮನ್ಯಾಗೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದಳು. ಜಗಳದ ಹೊತ್ತಿನಲ್ಲಿ ನಾನು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆನೆಂಬುದು ನಿಜ. ತಿಂಗಳಾದರೂ ಅವಳು ಬರಲಿಲ್ಲ. ಅವಳಿಲ್ಲದ ಮನೆಗೆ ಹೋಗುವುದೇ ನನಗೆ ಬೇಡವಾಗಿತ್ತು.

ಕರೆತರಲು ರಜೆ ಕೇಳಿದರೆ ಸಾಹುಕಾರರು ಸುಗ್ಗಿ ಮುಗಿಯಲಿ ಎಂದರು. ಅವರು ಒಳಕೋಣೆಯ ಗಾದಿಯಿಂದ ಕತ್ತೆತ್ತಿದರೆ ಕಾಣುವುದು ನಾವು ರುಮಾಲು ತೂಗುಹಾಕುವ ಗೂಟಗಳು ಮಾತ್ರ. ಸಾವಾದ ಮನೆಯವನನ್ನು ಬಿಟ್ಟರೆ ಬರಿತಲೆಯಲ್ಲಿ ಬೀದಿಗಿಳಿಯುವ ಗಂಡಸು ಆಗ ಇರಲಿಲ್ಲ. ಹಾಗಾಗಿ ರುಮಾಲು ಗೂಟದಲ್ಲಿದ್ದರೆ ಆಸಾಮಿ ಒಳಗಿದ್ದಾನೆಂದೇ ಅರ್ಥ. ನಾನು ರುಮಾಲನ್ನು ಕೆಲಸಕ್ಕೆ ಬಿಟ್ಟು, ತಲೆಗೊಂದು ಹಳೇ ವಸ್ತ್ರ ಸುತ್ತಿಕೊಂಡು ಗಾಡಿ ಹತ್ತಿದೆ.

ಮೊಳಕಾಲ್ಮೂರಿನಲ್ಲಿ ಇಳಿದಾಗ ಬಾಳೆಹಣ್ಣು ಕಂಡವು. ಬರಿಗೈಯಲ್ಲಿ ಅತ್ತೆಮನೆಗೆ ಹೋಗುವುದು ಹೇಗೆ? ತಲೆಯ ವಸ್ತ್ರ ಬಿಚ್ಚಿ ಹಣ್ಣು ಗಂಟು ಕಟ್ಟಿ ನೇಕಾರರ ಕೇರಿಗೆ ಕಾಲಿಟ್ಟೆ. ನಾನು ದಾಟಿದ ಮನೆಗಳಲ್ಲೆಲ್ಲ ಒಂದೊಂದೇ ಮಗ್ಗ ನಿಂತಿತು. ಸಾವಿನ ಸುದ್ದಿ ಬಂದರೆ ಮಗ್ಗ ನಿಲ್ಲಿಸುವುದು ಆ ಕೇರಿಯ ಪದ್ಧತಿ. ಪಾಪ, ಯಾರೋ ಹೋಗಿರಬೇಕೆಂದು ನಾನೂ ಮುಖ ಸಣ್ಣದು ಮಾಡಿಕೊಂಡು ನಡೆದೆ.

ನಾಗಮ್ಮ ನನ್ನನ್ನು ನೋಡಿದವಳೇ ಹೊಸಿಲಲ್ಲಿ ಕುಸಿದಳು. "ಅತ್ತಮ್ಮ ಹೋಗಿಬಿಟ್ರಾ? ಒಂದು ಉಪ್ಪಿನ ಮಾತಿಗೆ ಮುನಿಸ್ಕೊಂಡು ಬಂದ್ನಲ್ರೀ ನಾನು." ಮಾವ ನನ್ನ ಹೆಗಲು ಹಿಡಿದು ಅತ್ತರು. ಎಲ್ಲರೂ ಅಷ್ಟು ಖಚಿತವಾಗಿ ಅಳುವಾಗ ಅಲ್ಲವೆನ್ನಲು ನಾನು ಯಾರು? ನಾನು ಹೊರಟಮೇಲೆ ಏನಾಯಿತೋ ಎಂಬ ಅನುಮಾನವೂ ಹೊಕ್ಕು, ಅವ್ವನನ್ನು ನೆನೆದು ನನಗೂ ನಿಜವಾದ ಅಳುವೇ ಬಂತು. ಆಗಲೇ ಗಾಡಿ ಕಟ್ಟಿಸಿದರು. ಅತ್ತೆ, ಮಾವ, ನಾಗಮ್ಮ, ನಾನು, ಬಾಳೆಹಣ್ಣು ಎಲ್ಲ ಅದರಲ್ಲೇ ಚಳ್ಳಕೆರೆಗೆ ಬಂದೆವು.

ಅವ್ವ ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದಳು. ನಮ್ಮ ಅಳು ಕೇಳಿ, "ಯಾರೇ ತಾಯಿ ಹೋದೋರು?" ಎಂದು ತಾನೂ ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಾಗಮ್ಮ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ಆಮೇಲೆ ಎಲ್ಲರೂ ತಿರುಗಿ ನನ್ನ ತಲೆ ನೋಡಿದರು. ಅಲ್ಲಿಂದ ಮುಂದಿನ ವಿವರ ಬೇಡ. ನಾಗಮ್ಮ ಉಳಿದಳು, ನನಗೆ ಅಷ್ಟು ಸಾಕು.

ಮರುದಿನ ಮಂಡಿಗೆ ಹೋದರೆ ಸಾಹುಕಾರರು ಒಳಗೆ ಕರೆದರು. ಎರಡು ದಿನದಿಂದ ಹರಟೆಯಿಲ್ಲದೆ ಚೆನ್ನಾಗಿ ಕೆಲಸ ಮಾಡಿದ್ದೀಯ, ಹೀಗೇ ಇರು ಎಂದು ಬೆನ್ನು ತಟ್ಟಿದರು. ಉಬ್ಬಿಕೊಂಡು ಬಂದು ಹೆಂಡತಿಗೆ ಹೇಳಿದೆ. "ನಾನು ಅಂದಿದ್ದೂ ಅದೇ ಅಲ್ವೇನ್ರೀ?" ಎಂದು ಅವಳು ಅಡುಗೆಮನೆಗೆ ಹೋದಳು.

ಸಂಜೆ ಊಟಕ್ಕೆ ಕರೆಯಲು ಬಂದವಳು ನಮ್ಮ ಮನೆಯ ಗೂಟದ ಮೇಲಿನ ರುಮಾಲು ನೋಡಿ, ನನ್ನನ್ನು ನೋಡಿ, "ಇದ್ದೀರೇನ್ರೀ?" ಎಂದು ಕೇಳಿದಳು. ಉತ್ತರ ಕೊಡುವ ಮೊದಲು ನಾನು ಒಮ್ಮೆ ತಲೆ ಮುಟ್ಟಿ ನೋಡಿಕೊಂಡೆ.